ಹಿಸ್ಟರಿ ತಗೊಂಡ್ರೆ ಮುಂದೇನು? ನರಗುಂದ ತಾಲ್ಲೂಕಿನ ವಿದ್ಯಾರ್ಥಿನಿಗೆ ಉತ್ತರ

ಪ್ರಶ್ನೆ: ನಾನು ನರಗುಂದ ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಪಾಸಾಗಿದ್ದೇನೆ. ಇತಿಹಾಸದಲ್ಲಿ ಒಳ್ಳೆ ಅಂಕ ಬಂದಿದೆ. ಬಿ.ಎ.ಯಲ್ಲಿ ಇತಿಹಾಸ ತಗೊಂಡು ಮುಂದೆ ಎಂ.ಎ. ಮಾಡಬೇಕು ಅಂತ ಆಸೆ. ಅಪ್ಪ ಒಕ್ಕಲುತನ ಮಾಡುತ್ತಾರೆ. ‘ಸತ್ತವರ ಕಥಿ ಓದಿ ಯಾರು ಉದ್ಧಾರ ಆಗ್ಯಾರ’ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿರುವ ಮಾವ ಬಿಬಿಎ ಸೇರು ಅಂತಾರೆ. ಇತಿಹಾಸ ಓದಿದರೆ ಟೀಚರ್ ಕೆಲಸ ಬಿಟ್ಟು ಬೇರೆ ಏನಾದರೂ ಇದೆಯಾ? ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಅದರಿಂದ ತೊಂದರೆ ಆಗುತ್ತಾ?

ಉತ್ತರ:

ನಿಮ್ಮ ಅಪ್ಪ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮಗಳನ್ನು ಮೂರು ವರ್ಷ, ಐದು ವರ್ಷ ಓದಿಸಬೇಕಾದವರು ಅವರು. ಬೆಳೆ ಕೈಕೊಟ್ಟ ವರ್ಷವೂ ಫೀಸು ಕಟ್ಟಬೇಕಾದವರು ಅವರು. ಹಾಗಾಗಿ ಅವರಿಗೂ ಸೇರಿಸಿಯೇ ಉತ್ತರ ಬರೆಯುತ್ತೇನೆ. ಓದಿ ಹೇಳಿ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಬಿ.ಎ. ಇತಿಹಾಸದ ಸರ್ಟಿಫಿಕೇಟ್ ಒಂದನ್ನೇ ನೋಡಿ ಕೆಲಸ ಕೊಡುವವರು ಯಾರೂ ಇಲ್ಲ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡ್ ತಂದು, ‘ಕೃಷ್ಣದೇವರಾಯನ ಸಾಧನೆಗಳು’ ಅಂತ ಹತ್ತು ಪಾಯಿಂಟ್ ಬಾಯಿಪಾಠ ಮಾಡಿ ಪಾಸಾಗಿ ಬಂದವರನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೇನೆ. ಅವರ ಬಗ್ಗೆ ನಿಮ್ಮ ಅಪ್ಪ ಹೇಳುವ ಮಾತು ನಿಜ. ಆದರೆ ನಿಮ್ಮ ಮಾವನಿಗೂ ಒಂದು ಮಾತು ಹೇಳಬೇಕು. ಸುಮ್ನೆ ಪಾಸಾದ ಬಿಬಿಎ ಸರ್ಟಿಫಿಕೇಟ್ ನೋಡಿಯೂ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಅದು ಬೇಗ ಸಂಬಳ ತರುವ ದಾರಿಯ ಹಾಗೆ ಕಾಣುತ್ತದೆ, ಅಷ್ಟೇ.

ಕೆಲಸಕ್ಕೆ ಬರುವುದು ಬೇರೆ. ಹಳೆಯ ಕಾಗದ, ಕಲ್ಲು, ಪತ್ರ, ಜನರ ಮಾತು ಇವನ್ನು ಇತಿಹಾಸದಲ್ಲಿ ಆಧಾರ ಅಂತೀವಿ. ಆಧಾರ ಎಲ್ಲಿ ಸಿಗುತ್ತದೆ, ಅದನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು, ಓದಿದ್ದನ್ನು ಇನ್ನೊಬ್ಬರಿಗೆ ಒಪ್ಪುವ ಹಾಗೆ ಹೇಗೆ ಬರೆಯಬೇಕು ಅನ್ನುವುದು ಬಂದರೆ ಕೆಲಸ ಹುಟ್ಟುತ್ತದೆ. ಇದರ ಜೊತೆಗೆ ಹೆಚ್ಚು ಜನರಿಗೆ ಬಾರದ ಒಂದು ಲಿಪಿಯೋ ಭಾಷೆಯೋ ಬಂದರೆ ಇನ್ನೂ ಒಳ್ಳೆಯದು. ಉಳಿದ ಉತ್ತರವೆಲ್ಲ ಇದರ ಸುತ್ತಲೇ ಇದೆ.

ದೂರ ಬೇಡ, ನಿಮ್ಮ ನರಗುಂದವನ್ನೇ ತಗೊಳ್ಳೋಣ.

1858ರ ಬಾಬಾಸಾಹೇಬರ ಬಂಡಾಯ ನಿಮ್ಮ ಊರ ಕಡೆ ಮಕ್ಕಳಿಗೂ ಗೊತ್ತು. ನರಗುಂದದ ಅರಸ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆಗೆ ಮಗ ಇರಲಿಲ್ಲ, ದತ್ತು ತಗೊಳ್ಳಲು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಜನ ಹತ್ಯಾರ ಒಪ್ಪಿಸಬೇಕು ಅನ್ನುವ ಕಾಯ್ದೆ ಬೇರೆ ಬಂತು. ಮೇ ತಿಂಗಳ ಕೊನೆಯಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆ ಆಯಿತು. ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಪಠ್ಯಪುಸ್ತಕದಲ್ಲಿ ಇದು ಒಂದು ಪ್ಯಾರಾ. ಆದರೆ ಈ ಸಂಗತಿಗಳು ನಮಗೆ ಹೇಗೆ ಗೊತ್ತಾದವು? ಹೆಚ್ಚಿನವು ಬ್ರಿಟಿಷ್ ಅಧಿಕಾರಿಗಳ ಪತ್ರಗಳಿಂದ. ಬಂಡಾಯ ಅಡಗಿಸಿದವರೇ ಬರೆದ ಕಾಗದಗಳು ಅವು. ಇನ್ನೊಂದು ಕಡೆ ಲಾವಣಿಗಳಿವೆ. ಅದೇ ಹತ್ಯಾರದ ಕಾಯ್ದೆಯ ವಿರುದ್ಧ ಎದ್ದ ಹಲಗಲಿ ಬೇಡರ ಲಾವಣಿಯನ್ನು ಜೆ.ಎಫ್. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ, 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಅಧಿಕಾರಿಯ ಪತ್ರ ಒಂದು ಹೇಳುತ್ತದೆ, ಹಾಡು ಇನ್ನೊಂದು ಹೇಳುತ್ತದೆ. ಪತ್ರದಲ್ಲಿ ತಾರೀಖು ಸರಿ ಇರಬಹುದು, ಕಾರಣ ತಪ್ಪಿರಬಹುದು. ಹಾಡಿನಲ್ಲಿ ತಾರೀಖೇ ಇಲ್ಲದಿರಬಹುದು, ಆದರೆ ಜನ ಯಾಕೆ ಸಿಟ್ಟಾದರು ಅನ್ನುವುದು ಅಲ್ಲೇ ಸಿಗಬಹುದು. ಎರಡನ್ನೂ ಎದುರುಬದುರು ಕೂರಿಸಿ ವಿಚಾರಿಸುವುದೇ ಇತಿಹಾಸ ಓದುವವರ ಕೆಲಸ.

ಈಗ ಅದೇ ಊರಿನ ಇನ್ನೊಂದು ದಿನ. 1980ರ ಜುಲೈ 21. ಇದು ನಿಮ್ಮ ಮನೆಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಲಪ್ರಭಾ ಕಾಲುವೆ ಬಂತು, ನೀರು ಕೆಲವರಿಗೆ ತಲುಪಿತು, ಕೆಲವರಿಗೆ ತಲುಪಲಿಲ್ಲ. ಕೆಲವು ಕಡೆ ಎರೆಹೊಲ ಸವಳು-ಜವಳಾಯಿತು. ಹತ್ತಿಯ ರೇಟು ಬಿತ್ತು. ಇಷ್ಟರ ಮೇಲೆ ನೀರಾವರಿಯಿಂದ ಜಮೀನಿನ ಬೆಲೆ ಏರಿದೆ ಅಂತ ಸರ್ಕಾರ ಬೆಟರ್‌ಮೆಂಟ್ ಲೆವಿ ಅನ್ನುವ ಕರದ ವಸೂಲಿಗೆ ನಿಂತಿತು. ನರಗುಂದ, ನವಲಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ಆಯಿತು, ಜೀವ ಹೋದವು. ರಾಜ್ಯದ ರಾಜಕೀಯವೇ ಬದಲಾಯಿತು. ಅದೇ ವರ್ಷ ರೈತ ಸಂಘ ಹುಟ್ಟಿತು.

ಎಂ.ಎ. ಕೊನೆಯ ವರ್ಷದಲ್ಲಿ ನೀವು ಇದರ ಮೇಲೆ ಕಿರುಪ್ರಬಂಧ ಬರೆಯುತ್ತೀರಿ ಅಂತ ಇಟ್ಟುಕೊಳ್ಳಿ. ಏನು ಮಾಡುತ್ತೀರಿ? ಆ ತಿಂಗಳಿನ ಪತ್ರಿಕೆಗಳ ಹಳೆಯ ಫೈಲು ಹುಡುಕಬೇಕು. ವಿಧಾನಸಭೆಯಲ್ಲಿ ಯಾರು ಏನು ಮಾತಾಡಿದರು ಅನ್ನುವುದು ನಡಾವಳಿಯಲ್ಲಿ ಅಚ್ಚಾಗಿದೆ, ಅದನ್ನು ಓದಬೇಕು. ಲೆವಿ ಎಕರೆಗೆ ಎಷ್ಟು ಹಾಕಿದ್ದರು, ಯಾವ ಸರ್ವೆ ನಂಬರಿಗೆ ನೀರು ಬಂದಿತ್ತು ಅನ್ನುವುದಕ್ಕೆ ನೀರಾವರಿ ಇಲಾಖೆಯ ಮತ್ತು ಕಂದಾಯದ ಕಾಗದ ನೋಡಬೇಕು. ಆಮೇಲೆ ಆವತ್ತು ಅಲ್ಲಿದ್ದವರನ್ನು ಮಾತಾಡಿಸಬೇಕು. ಒಬ್ಬರು ‘ಮೊದಲು ಪೊಲೀಸರೇ’ ಅಂತಾರೆ, ಇನ್ನೊಬ್ಬರು ಬೇರೆ ಹೇಳುತ್ತಾರೆ. ಮೂರನೆಯವರಿಗೆ 1980ರ ನೆನಪಿನ ಜೊತೆ ಆಮೇಲಿನ ಯಾವುದೋ ಸಭೆಯ ನೆನಪು ಕಲೆತು ಹೋಗಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ನೆನಪು ಅಂದರೆ ಹಾಗೇ. ಇಷ್ಟನ್ನೂ ತೂಗಿ ನೋಡಿ ಐವತ್ತು ಪುಟ ಬರೆದರೆ ನೀವು ಕಲಿತದ್ದು ನರಗುಂದದ ವಿಷಯ ಮಾತ್ರ ಅಲ್ಲ. ಚೆಲ್ಲಾಪಿಲ್ಲಿಯಾದ ಕಾಗದಗಳಿಂದ, ತಾಳೆಯಾಗದ ಹೇಳಿಕೆಗಳಿಂದ ಒಂದು ತೀರ್ಮಾನಕ್ಕೆ ಬರುವುದನ್ನು ಕಲಿತಿರಿ. ವಕೀಲರಿಗೆ, ತಹಶೀಲ್ದಾರರಿಗೆ, ವರದಿಗಾರರಿಗೆ ದಿನಾ ಬೇಕಾದದ್ದು ಇದೇ. ಅಂದಹಾಗೆ, ನಿಮ್ಮ ಅಪ್ಪನನ್ನೇ ಮೊದಲು ಕೇಳಿ. ಲೆವಿಯ ನೋಟಿಸು ಮನೆಯ ಟ್ರಂಕಿನಲ್ಲಿ ಇನ್ನೂ ಇದ್ದರೂ ಇರಬಹುದು. ಇದು ಸತ್ತವರ ಕಥೆ ಅಲ್ಲ ಅಂತ ಅವರಿಗೇ ಅನ್ನಿಸಬಹುದು.

ಇನ್ನು ಕೆಲಸಗಳ ವಿಷಯ. ನೀವು ಟೀಚರ್ ಕೆಲಸ ‘ಬಿಟ್ಟು’ ಅಂತ ಕೇಳಿದ್ದೀರಿ. ಅದನ್ನು ಅಷ್ಟು ಸಲೀಸಾಗಿ ಬಿಡಬೇಡಿ. ಇತಿಹಾಸ ಓದಿದವರಲ್ಲಿ ಜಾಸ್ತಿ ಜನ ಅನ್ನ ತಿನ್ನುತ್ತಿರುವುದು ಅದರಲ್ಲೇ. ಬಿ.ಎ. ಆದಮೇಲೆ ಎರಡು ವರ್ಷದ ಬಿ.ಇಡಿ. ಮಾಡಿದರೆ ಸಮಾಜ ವಿಜ್ಞಾನದ ಶಿಕ್ಷಕರಾಗಬಹುದು. ಆರರಿಂದ ಎಂಟನೇ ತರಗತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಿಯು ಉಪನ್ಯಾಸಕರಾಗಲು ಎಂ.ಎ.ಯಲ್ಲಿ 55 ಪರ್ಸೆಂಟ್ ಬೇಕು, ಜೊತೆಗೆ ಬಿ.ಇಡಿ. ಕೂಡ ಬೇಕು. ಎಷ್ಟೋ ಜನ ಎಂ.ಎ. ಮುಗಿಸಿ, ನೋಟಿಫಿಕೇಶನ್ ಬಂದಮೇಲೆ ಬಿ.ಇಡಿ. ಇಲ್ಲ ಅಂತ ಕೈಹಿಸುಕಿಕೊಳ್ಳುತ್ತಾರೆ. ಡಿಗ್ರಿ ಕಾಲೇಜಿಗೆ ಬಿ.ಇಡಿ. ಬೇಡ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಆಗಿರಬೇಕು, ಇಲ್ಲವೇ ಪಿಎಚ್‌.ಡಿ. ಇರಬೇಕು.

ಡಿಗ್ರಿ ಕಾಲೇಜಿನ ದಾರಿ ಹೊರಗಿನಿಂದ ಚಂದ, ಒಳಗೆ ಕಾಯುವುದು ಜಾಸ್ತಿ. 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆ ಕರೆದರು. ಎಲ್ಲಾ ವಿಷಯ ಸೇರಿ ಅಷ್ಟು, ಅದರಲ್ಲಿ ಇತಿಹಾಸಕ್ಕೆ ಒಂದು ಪಾಲು. ಇಂಥ ನೇಮಕಾತಿ ವರ್ಷ ವರ್ಷ ಬರುವುದಿಲ್ಲ. ನಡುವೆ ಜನ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ. ಕಾಯಂ ಅಲ್ಲ, ರಜೆಯ ತಿಂಗಳಲ್ಲಿ ಸಂಬಳ ಇಲ್ಲ, ಮುಂದಿನ ವರ್ಷ ಅದೇ ಕಾಲೇಜು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನಲವತ್ತು ದಾಟಿದವರೂ ಹೀಗೇ ಇದ್ದಾರೆ. ಎಂ.ಎ. ಸೇರುವ ಮುಂಚೆಯೇ ಇದು ನಿಮಗೆ ಗೊತ್ತಿರಬೇಕು. ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆದರೆ ಎನ್‌ಇಟಿಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದರೆ ಲೆಕ್ಕ ಬದಲಾಗುತ್ತದೆ. ಪಿಎಚ್‌.ಡಿ. ಮಾಡಲು ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಸಿಗುತ್ತದೆ, 2023ರಿಂದ ಇರುವ ದರ ಇದು. ರೈತರ ಮನೆಯಿಂದ ಬಂದವರು ಮನೆಗೇ ದುಡ್ಡು ಕಳಿಸುತ್ತಾ ಸಂಶೋಧನೆ ಮಾಡಿದ್ದನ್ನು ನೋಡಿದ್ದೇನೆ. ದೆಹಲಿಯ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಕೂಡ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತದೆ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಐಎಎಸ್, ಕೆಎಎಸ್ ಬಗ್ಗೆ ಎರಡು ಮಾತು ಸಾಕು. ‘ಹಿಸ್ಟರಿ ಓದಿದ್ರೆ ಐಎಎಸ್ ಸುಲಭ’ ಅನ್ನುವುದು ಕೋಚಿಂಗ್ ಸೆಂಟರಿನ ಬೋರ್ಡಿನ ಮಾತು. ಅದಕ್ಕೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಐಎಎಸ್ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತಗೊಂಡರೆ 250 ಅಂಕದ ಎರಡು ಪೇಪರ್. ಸಿಲಬಸ್ ಸಮುದ್ರ. ಮೊದಲ ಪೇಪರಿನ ಮೊದಲ ಪ್ರಶ್ನೆಯೇ ಭೂಪಟ: ಇಪ್ಪತ್ತು ಜಾಗ ಗುರುತಿಸಿ ಒಂದೊಂದರ ಬಗ್ಗೆ ನಾಲ್ಕು ಸಾಲು ಬರೆಯಬೇಕು, 50 ಅಂಕ. ಬ್ರಹ್ಮಗಿರಿ, ಮಸ್ಕಿ, ಸನ್ನತಿ ಇವು ಕರ್ನಾಟಕದಲ್ಲಿ ಎಲ್ಲಿವೆ, ಯಾಕೆ ಮುಖ್ಯ ಅನ್ನುವುದು ನಕ್ಷೆ ಇಟ್ಟುಕೊಂಡು ಓದಿದವರಿಗೆ ತಾನಾಗಿ ಬರುತ್ತದೆ. ಕನ್ನಡದಲ್ಲಿ ಬರೆಯಲು ಅವಕಾಶ ಇದೆ. ಬರೆಯಿರಿ, ಆದರೆ ಲಕ್ಷಾಂತರ ಜನ ಬರೆದು ಸುಮಾರು ಸಾವಿರ ಜನ ಆಯ್ಕೆಯಾಗುವ ಪರೀಕ್ಷೆ ಅದು. ಅದೊಂದನ್ನೇ ನೆಚ್ಚಿ ಆರು ವರ್ಷ ಕೂರಬೇಡಿ. ಪಿಡಿಒ, ಎಫ್‌ಡಿಎ ಥರದ ಪರೀಕ್ಷೆಗಳಿಗೂ ಇದೇ ಓದು ಸಹಾಯಕ್ಕೆ ಬರುತ್ತದೆ.

ಈಗ ಹೆಚ್ಚು ಜನ ಕೇಳದ, ನನಗೆ ಜಾಸ್ತಿ ಇಷ್ಟವಾದ ಕಡೆ ಬರುತ್ತೇನೆ.

ಶಾಸನಗಳು. ಶಾಸನದ ಅಚ್ಚು ತೆಗೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ತಿಕ್ಕುತ್ತಾರೆ. ಪಾಚಿ, ಎಣ್ಣೆ, ಕುಂಕುಮ, ಕೆಲವೊಮ್ಮೆ ಸುಣ್ಣದ ಬಳಿತ ಎಲ್ಲಾ ಹೋಗಬೇಕು. ಆಮೇಲೆ ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಾಳಿ ಉಳಿಯದ ಹಾಗೆ ಬ್ರಷ್‌ನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗುಂಡಿಯೊಳಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ತಾಗಿಸಿ ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಮೈಯೆಲ್ಲಾ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಸಾಲು ಕಾಗದದಲ್ಲಿ ಕಾಣುತ್ತದೆ. ಓದಿದರೆ ಒಬ್ಬ ಗೌಡ ಕೆರೆಗೆ ಬಿಟ್ಟ ಭೂಮಿ, ತುರು ಬಿಡಿಸಲು ಹೋಗಿ ಸತ್ತ ಒಬ್ಬ ಆಳು, ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಅನ್ನುವ ಕಟ್ಟಳೆ. ರಾಜರಿಗಿಂತ ಜಾಸ್ತಿ ಊರ ಜನವೇ ಸಿಗುತ್ತಾರೆ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಜೊತೆಗಿದ್ದವರು ಸೇರಿ ಸುಮಾರು ಒಂಬತ್ತು ಸಾವಿರ ಶಾಸನ ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಂದರು. ಮೊದಲ ಸಂಪುಟ ಬಂದದ್ದು 1886ರಲ್ಲಿ. ಆದರೆ ಅವುಗಳಲ್ಲಿ ನಿಮ್ಮ ಊರಿನ ಶಾಸನ ಹುಡುಕಬೇಡಿ, ಸಿಗುವುದಿಲ್ಲ. ರೈಸ್ ಓಡಾಡಿದ್ದು ಮೈಸೂರು ಸಂಸ್ಥಾನ, ಕೊಡಗಿನಲ್ಲಿ. ನಿಮ್ಮ ಕಡೆ ಆಗ ಮುಂಬೈ ಪ್ರಾಂತ್ಯ. ಅಲ್ಲಿನ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 11, 15, 18, 20ನೇ ಸಂಪುಟಗಳಲ್ಲಿ ಬಾಂಬೆ-ಕರ್ನಾಟಕ ಶಾಸನಗಳು ಅಂತ ಬಂದಿವೆ. ಎಂ.ಎ. ಮುಗಿಸಿದವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ನಿಮಗೆ ಮೊದಲನೇ ವರ್ಷವೇ ಗೊತ್ತಿದ್ದರೆ ಅಷ್ಟು ಮುಂದೆ ಇದ್ದ ಹಾಗೆ.

ಈ ದಾರಿಯಲ್ಲಿ ಹುದ್ದೆಗಳು ಎಲ್ಲಿವೆ? ಕೇಂದ್ರದ ಪುರಾತತ್ವ ಸರ್ವೇಕ್ಷಣೆಗೆ ನಮ್ಮಲ್ಲಿ ಬೆಂಗಳೂರು, ಧಾರವಾಡ, ಹಂಪಿ ಅಂತ ಮೂರು ವೃತ್ತಗಳಿವೆ. ಅದರ ಶಾಸನ ಶಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿಯೂ ಮೈಸೂರಿನಲ್ಲೇ. ಕೇಂದ್ರದ ಮೇಲ್ದರ್ಜೆ ಹುದ್ದೆಗಳನ್ನು ಯುಪಿಎಸ್‌ಸಿ ತುಂಬುತ್ತದೆ. ಉತ್ಖನನದ ಕಡೆ ಹೋಗುವವರು ಎಂ.ಎ. ಆದಮೇಲೆ ಗ್ರೇಟರ್ ನೋಯ್ಡಾದ ಪುರಾತತ್ವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡುತ್ತಾರೆ. ಸೀಟು ಬೆರಳೆಣಿಕೆ, ಆದರೆ ಸ್ಟೈಪೆಂಡ್ ಇದೆ. ಶಾಸನ ಓದುವ ಹುದ್ದೆಗಳಿಗೆ ಕನ್ನಡ, ಸಂಸ್ಕೃತದಂಥ ಭಾಷೆಯ ಎಂ.ಎ. ಕೇಳುವುದೂ ಉಂಟು. ಹಾಗಾಗಿ ಆ ಕಡೆ ಮನಸ್ಸಿದ್ದರೆ ಎಂ.ಎ. ಯಾವುದರಲ್ಲಿ ಅನ್ನುವುದನ್ನು ನೋಟಿಫಿಕೇಶನ್ ಓದಿಯೇ ತೀರ್ಮಾನಿಸಿ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸ್ಕ್ಯಾನರ್ ಹಿಡಿಯುವವರು ತುಂಬಾ ಜನ ಸಿಗುತ್ತಾರೆ. ಸ್ಕ್ಯಾನ್ ಆದದ್ದನ್ನು ಓದುವವರೇ ಕಡಿಮೆ.

ಇನ್ನೊಂದು ದಾರಿ ಪತ್ರಾಗಾರ, ಅಂದರೆ ಹಳೆಯ ಕಾಗದಪತ್ರ ಕಾಪಾಡುವ ಜಾಗ. ರಾಜ್ಯ ಪತ್ರಾಗಾರ ಇಲಾಖೆ ವಿಧಾನಸೌಧದಲ್ಲಿದೆ, ಧಾರವಾಡದಲ್ಲೂ ಅದರ ಕಚೇರಿ ಇದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಒಂದು ವರ್ಷದ ಡಿಪ್ಲೊಮಾ ಕೊಡುತ್ತದೆ. ಸರ್ಕಾರ ಮಾತ್ರ ಅಲ್ಲ, ಕಂಪನಿಗಳೂ ಪತ್ರಾಗಾರ ಇಟ್ಟುಕೊಂಡಿವೆ. ಟಾಟಾದವರದ್ದು ಪುಣೆಯಲ್ಲಿದೆ, ರಿಸರ್ವ್ ಬ್ಯಾಂಕಿನದ್ದೂ ಪುಣೆಯಲ್ಲೇ, ಗೋದ್ರೇಜ್‌ನವರದ್ದು ಮುಂಬೈಯಲ್ಲಿ. ಬೆಂಗಳೂರಿನ ಎನ್‌ಸಿಬಿಎಸ್ ಜೀವವಿಜ್ಞಾನದ ಸಂಸ್ಥೆ. ಅಲ್ಲೂ 2019ರಿಂದ ವಿಜ್ಞಾನಿಗಳ ಪತ್ರ, ನೋಟ್‌ಬುಕ್ ಕಾಪಾಡುವ ಪತ್ರಾಗಾರ ಇದೆ, ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡುತ್ತಾರೆ. ಹುದ್ದೆಗಳ ಸಂಖ್ಯೆ ದೊಡ್ಡದಲ್ಲ. ಆದರೆ ಅರ್ಜಿ ಹಾಕುವವರಲ್ಲಿ ನಿಜವಾಗಿ ಹಳೆಯ ಕಾಗದ ಮುಟ್ಟಿ ಓದಿ ಬಂದವರ ಸಂಖ್ಯೆ ಇನ್ನೂ ಚಿಕ್ಕದು.

ಇಲ್ಲೇ ನಿಮಗೆ ಒಂದು ಸಲಹೆ. ಮೋಡಿ ಲಿಪಿ ಕಲಿಯಿರಿ. ನಿಮ್ಮ ಭಾಗದಲ್ಲಿ ಪೇಶ್ವೆಯರ ಕಾಲ, ಆಮೇಲೆ ಮುಂಬೈ ಪ್ರಾಂತ್ಯದ ಕಾಲದ ಎಷ್ಟೋ ಕಾಗದ ಮೋಡಿಯಲ್ಲಿದೆ. ಮೊದಲು ಉದ್ದಕ್ಕೆ ಮೇಲಿನ ಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ನೇತುಹಾಕಿದ ಹಾಗೆ ಲೇಖನಿ ಎತ್ತದೆ ಬರೆದುಕೊಂಡು ಹೋಗುತ್ತಿದ್ದರು. ಪದ ಎಲ್ಲಿ ಮುಗಿಯಿತು ಅಂತ ಮೊದಲಿಗೆ ಗೊತ್ತೇ ಆಗುವುದಿಲ್ಲ. ಭಾಷೆ ಮರಾಠಿ. ದೇವನಾಗರಿ ಬರುವವರು, ಅಲ್ಪಸ್ವಲ್ಪ ಮರಾಠಿ ತಿಳಿಯುವವರು ಪಟ್ಟು ಹಿಡಿದರೆ ಕೆಲವೇ ತಿಂಗಳಲ್ಲಿ ಕೈ ಹತ್ತುತ್ತದೆ. ಇನಾಂ ಜಮೀನಿನ ತಕರಾರು, ವತನದ ಕಾಗದ, ಮಠ-ದೇವಸ್ಥಾನದ ಆಸ್ತಿ ಇಂಥದ್ದರಲ್ಲಿ ಮೋಡಿ ಓದುವವರನ್ನು ವಕೀಲರು ಹುಡುಕಿಕೊಂಡು ಬರುತ್ತಾರೆ. ಓದುವ ಹಿರಿಯರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದಾರೆ. ಕಲಬುರಗಿ, ಬೀದರ್ ಕಡೆಯವರು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಉರ್ದು, ಪರ್ಷಿಯನ್ ಕಲಿಯಿರಿ ಅನ್ನುತ್ತಿದ್ದೆ.

ಕಾನೂನಿನ ಕಡೆಗೂ ಇದೇ ಓದು ಒಯ್ಯುತ್ತದೆ. ಬಿ.ಎ. ಆದಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಬಹುದು. ಒಂದೇ ಉದಾಹರಣೆ ಕೊಡುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು ಹಕ್ಕು ಕೇಳಬೇಕಾದರೆ ಮೂರು ತಲೆಮಾರಿನಿಂದ, ಅಂದರೆ 75 ವರ್ಷದಿಂದ ಅಲ್ಲಿ ಇದ್ದದ್ದಕ್ಕೆ ಆಧಾರ ಕೊಡಬೇಕು. ಗೆಜೆಟಿಯರ್ (ಜಿಲ್ಲೆಯ ವಿವರ ಬರೆದಿಟ್ಟ ಸರ್ಕಾರಿ ಗ್ರಂಥ), ಜನಗಣತಿ, ಸರ್ವೆ ಸೆಟಲ್‌ಮೆಂಟ್ ವರದಿ, ಹಿರಿಯರ ಲಿಖಿತ ಹೇಳಿಕೆ ಇವೆಲ್ಲ ಆಧಾರವಾಗಿ ನಡೆಯುತ್ತವೆ. ಉತ್ತರ ಕನ್ನಡದಲ್ಲಿ, ಮಲೆನಾಡಿನಲ್ಲಿ ಸಾವಿರಾರು ಕುಟುಂಬಗಳ ಜಮೀನು ಈ ಕಾಗದಗಳ ಮೇಲೆ ನಿಂತಿದೆ. ಯಾವ ವರದಿ ಎಲ್ಲಿ ಸಿಗುತ್ತದೆ, ಅದರಲ್ಲಿ ಆ ಹಳ್ಳಿಯ ಹೆಸರು ಹಳೆಯ ಕಾಲದಲ್ಲಿ ಹೇಗೆ ಬರೆಯುತ್ತಿದ್ದರು ಅನ್ನುವುದು ಗೊತ್ತಿರುವವರು ಅಲ್ಲಿ ಬೇಕು. ಇತಿಹಾಸ ಓದಿ ವಕೀಲರಾದವರು ಉಳಿದವರು ನೋಡದ ಕಡೆ ಹೋಗಿ ಹುಡುಕುತ್ತಾರೆ.

ಪ್ರವಾಸೋದ್ಯಮ, ಮ್ಯೂಸಿಯಂ, ಪತ್ರಿಕೆ, ಸಾಕ್ಷ್ಯಚಿತ್ರ ಇವೆಲ್ಲ ಇದ್ದೇ ಇವೆ. ಹಂಪಿ, ಪಟ್ಟದಕಲ್ಲು ಮೊದಲಿಂದಲೂ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದವು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರವೂ ಸೇರಿದವು. ಗೈಡ್ ಆಗುವವರಿಗೆ ಫ್ರೆಂಚ್ ಅಥವಾ ಜರ್ಮನ್ ಬಂದರೆ ದುಡಿಮೆ ಬೇರೆಯೇ. ಆದರೆ ಅದು ಸೀಸನ್ ಕೆಲಸ, ಕೊರೋನಾ ಬಂದಾಗ ಮೊದಲು ಕೈ ಖಾಲಿಯಾದವರಲ್ಲಿ ಗೈಡ್‌ಗಳೂ ಇದ್ದರು. ಮ್ಯೂಸಿಯಂ ಕಡೆ ಮನಸ್ಸಿದ್ದರೆ ನೋಯ್ಡಾದ ಭಾರತೀಯ ಪರಂಪರೆ ಸಂಸ್ಥೆಯಲ್ಲಿ ಸಂಗ್ರಹಾಲಯ ಶಾಸ್ತ್ರದ ಎಂ.ಎ. ಇದೆ.

ಇಂಗ್ಲಿಷ್ ವಿಷಯಕ್ಕೆ ಬರೋಣ. ತೊಂದರೆ ಆಗುತ್ತಾ ಅಂದರೆ, ಆಗುತ್ತದೆ. ಬಿ.ಎ., ಎಂ.ಎ. ಎರಡನ್ನೂ ಕನ್ನಡದಲ್ಲೇ ಬರೆದು ಪಾಸಾಗಬಹುದು. ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಎನ್‌ಇಟಿ ಇತಿಹಾಸ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಳೆದ ಇನ್ನೂರು ವರ್ಷದ ಸರ್ಕಾರಿ ಕಾಗದ ಬಹುಪಾಲು ಇಂಗ್ಲಿಷಿನಲ್ಲೇ ಇದೆ. ಹಾಗಾಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ ನಿಮಗೆ ಬೇಕಾದದ್ದು ಓದಿ ಅರ್ಥ ಮಾಡಿಕೊಳ್ಳುವ ಇಂಗ್ಲಿಷ್, ಟುಸ್ ಪುಸ್ ಮಾತಾಡುವ ಇಂಗ್ಲಿಷ್ ಅಲ್ಲ. 1884ರಲ್ಲಿ ಬಂದ ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. ಅದರಲ್ಲಿ ನಿಮ್ಮ ಕಡೆಯ ಬೆಳೆ, ಮಣ್ಣು, ನೇಕಾರರು, ಬರಗಾಲ ಎಲ್ಲಾ ಇದೆ. ದಿನಕ್ಕೆ ಅರ್ಧ ಪುಟ ಡಿಕ್ಷನರಿ ಇಟ್ಟುಕೊಂಡು ಓದಿ. ವಿಷಯ ಗೊತ್ತಿರುವುದರಿಂದ ಭಾಷೆ ಬೇಗ ಹಿಡಿತಕ್ಕೆ ಬರುತ್ತದೆ. ಅದರಲ್ಲಿ ಜಾತಿಗಳ ಬಗ್ಗೆ ಬರೆದದ್ದನ್ನು ಓದುವಾಗ ಸಿಟ್ಟು ಬರುತ್ತದೆ. ಬರಲಿ. ಯಾರು ಬರೆದರು, ಯಾರಿಗಾಗಿ ಬರೆದರು ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ, ಅಲ್ಲಿಂದಲೇ ಅಭ್ಯಾಸ ಶುರು.

ಕೊನೆಗೆ ಈ ತಿಂಗಳು ಮಾಡಬೇಕಾದದ್ದು. ರಾಜ್ಯದಲ್ಲಿ ಈಗ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಡಿಗ್ರಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮುಂಚೆ ನಿಮ್ಮ ಕಾಲೇಜಿನಲ್ಲಿ ಇತಿಹಾಸದ ಜೊತೆ ಯಾವ ಯಾವ ಕಾಂಬಿನೇಶನ್ ಇದೆ ಅಂತ ವಿಚಾರಿಸಿ. ಶಾಸನ, ಹಸ್ತಪ್ರತಿಯ ಕಡೆ ಹೋಗುವುದಾದರೆ ಐಚ್ಛಿಕ ಕನ್ನಡ ಇರುವ ಕಾಂಬಿನೇಶನ್ ನೋಡಿ. ಪರೀಕ್ಷೆ, ಕಾನೂನು, ಆಡಳಿತ ಅಂದರೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಒಳ್ಳೆಯದು. ಶಿಕ್ಷಕಿ ಆಗುವ ಯೋಚನೆ ಇದ್ದರೆ ನೀವು ಆರಿಸುವ ವಿಷಯಗಳು ಬಿ.ಇಡಿ.ಯಲ್ಲಿ ಸಮಾಜ ವಿಜ್ಞಾನಕ್ಕೆ ನಡೆಯುತ್ತವೆಯೇ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಮಾವ ಬೇಜಾರು ಮಾಡಿಕೊಂಡರೆ ಡಿಗ್ರಿ ಜೊತೆಯಲ್ಲೇ ಕಂಪ್ಯೂಟರ್ ಕೋರ್ಸ್ ಒಂದನ್ನು ಸೇರಿ. ಈಗ ಪತ್ರಾಗಾರಗಳಲ್ಲೂ ಕ್ಯಾಟಲಾಗ್ ಆಗುವುದು ಕಂಪ್ಯೂಟರಿನಲ್ಲೇ, ಆ ಖರ್ಚು ದಂಡ ಅಲ್ಲ.

ಅರ್ಜಿ ಹಾಕುವ ಮುಂಚೆ ಒಂದು ದಿನ ಅಪ್ಪನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಬನ್ನಿ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗ, ಅದೇ ಕ್ಯಾಂಪಸ್ಸಿನಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆಯ ಮ್ಯೂಸಿಯಂ, ಆಮೇಲೆ ಊರಲ್ಲಿರುವ ಪತ್ರಾಗಾರ. ಎಂ.ಎ. ಓದುತ್ತಿರುವ ಯಾರನ್ನಾದರೂ ನಿಲ್ಲಿಸಿ, ಮುಗಿದಮೇಲೆ ಏನು ಮಾಡುತ್ತೀರಿ ಅಂತ ಅಪ್ಪನೇ ಕೇಳಲಿ. ಎರಡನೇ, ನಾಲ್ಕನೇ ಶನಿವಾರ ಬಿಟ್ಟು ಹೋಗಿ, ಸರ್ಕಾರಿ ಕಚೇರಿಗೆ ರಜೆ ಇರುತ್ತದೆ.